ಎಡಗಡೆ ಡಬ್ಬ

ಕರೆಂಟು ಬರೋ ಗಂಟ ಹೇಳ್ತೀನಿ. ಬೆಳಕು ಬಂದ್ರೆ ಎಲ್ರೂ ನನ್ ಮಕಾನೇ ನೋಡ್ತೀರ, ಆಗ ನಂಗೆ ಮಾತು ನಿಂತೋಯ್ತದೆ. ಮಧ್ಯ ಯಾರೂ ಏನೂ ಕೇಳ್ಬ್ಯಾಡಿ. ಕತೆ ಓದು ಅಂದ್ರೆ ಓದ್ಬುಡ್ತೀನಿ… ಬಾಯ್ಬುಟ್ಟು ಹೇಳ್ತಿರೋದು ಇದೇ ಮೊದ್ಲು.

ಆದ್ರೆ ಇದು ಪುಸ್ತಕದ್ದಲ್ಲ. ನಮ್ ದೊಡ್ಡಪ್ಪನ ಮಗ ಉಮಾಶಂಕರಣ್ಣ ಅವ್ನಲ್ಲ, ಅವನಿಗಾಗಿದ್ದು. ಅವತ್ತು ರಾತ್ರಿ ನಾನೂ ಅವ್ರ ಮನೇಲೇ ಮಲಗಿದ್ದೆ.

ಅಣ್ಣ ತಾಳವಾಡಿಯಿಂದ ವಾಪಸ್ ಬತ್ತಾ ಇದ್ದ. ಒಬ್ನೇ. ತಿಗನಾರೆಗೆ ಬರೋ ಮಣ್ಣು ದಾರೀಲಿ ಏತದ ಬಾವಿ ಅದಲ್ಲ… ಏತ ಯಾವಾಗ್ಲೋ ಮುರಿದೋಯ್ತು, ಹೆಸ್ರು ಮಾತ್ರ ಉಳ್ಕಂಡದೆ… ಅಲ್ಲಿಗೆ ಬರೋ ಹೊತ್ಗೆ ಬೈಕಿನ ಚೈನು ಕಳಚ್ಕಂತು. ಕಟ ಕಟ ಕಟ್ ಅಂತು. ಆಮೇಲೆ ಎಂಜಿನ್ ಒಂದೇ ಕೂಗ್ತದೆ, ಚಕ್ರ ಮುಂದಕ್ಕೆ ಹೋಗಕಿಲ್ಲ. ಅಣ್ಣ ಆಫ್ ಮಾಡ್ದ. ಇಳಿದು ತಳ್ಕಂಡು ನಡ್ದ. ಬಾವಿ ಪಕ್ಕ ಆಲದ ಮರದ ಬುಡಕ್ಕೆ ಬಂದು ನಿಂತ.

ಕಪ್ಪೆ ಕೂಗ್ತಾ ಇದ್ವಂತೆ. ಅವನು ನಿಂತ ತಕ್ಷಣ ನಿಲ್ಲಿಸ್ಬುಟ್ವಂತೆ. ಬಿಸಿ ಸೈಲೆನ್ಸರ್ ಒಂದೇ… ಟಿಣ್… ಟಿಣ್… ಅಂತ ಆರ್ತಾ ಇತ್ತು.

ಅವನೆಷ್ಟು ಸೋತಿದ್ದ ಅಂತ ನಿಮಗೆ ಗೊತ್ತಾಗ್ಬೇಕು. ಆ ತಿಂಗ್ಳು ಜೋಳಕ್ಕೆ ಆನೆ ನುಗ್ತಾ ಇದ್ವು. ರಾತ್ರಿಯೆಲ್ಲಾ ಹೊಲದಲ್ಲಿ ತಮಟೆ ಬಡ್ಕಂಡು ಕಾವಲು. ಬೆಳಗ್ಗೆ ಎದ್ದು ಟೊಮೇಟೊ ಹೇರ್ಕಂಡು ಮಾರ್ಕೆಟ್ಟು. ಬಂದ್ರೆ ಮನೇಲಿ ಬಾಣಂತಿ, ಕೂಸು. ಕಣ್ಣು ಕೆಂಪಗೆ ಹಣ್ಣಾಗಿರೋವು. ಊಟಕ್ಕೆ ಕುಂತ್ರೆ ಮುದ್ದೆ ಕೈಲಿ ಹಿಡ್ಕಂಡಂಗೇ ತೂಕಡಿಸೋನು.

ಈಗ ಡಬ್ಬದ್ದು ಹೇಳ್ಬೇಕು. ಅದು ಹೇಳ್ದಿದ್ರೆ ಮುಂದ್ಕೆ ಹೋಗಕ್ಕಾಗಕಿಲ್ಲ.

ಮೊದ್ಲು ಅಣ್ಣ ಟೊಮೇಟೊನ ಮೂಟೆ ಕಟ್ಟಿ ಸೀಟಿನ ಮೇಲೆ ಹಾಕ್ಕಂಡೋಗೋನು. ಅರ್ಧ ಜಜ್ಜಿ ರಸ ಆಗೋದು. ಅದಕ್ಕೆ ತಾಳವಾಡೀಲಿ ವೆಲ್ಡಿಂಗ್ ಅಂಗಡಿ ಷಡಕ್ಷರಿ ಹತ್ರ ಬೈಕ್ ಬುಟ್ಟ. ಸೀಟಿನ ಹಿಂದೆ ಕ್ಯಾರಿಯರ್ರು, ಎರಡು ಪಕ್ಕಕ್ಕೂ ತಗಡಿನ ಡಬ್ಬ, ಮುಚ್ಚಳ, ಚಿಲಕ. ನಾನು ಲೈಬ್ರರಿಗೆ ಹೋಗಿದ್ದೋಳು ಅಣ್ಣನ ಜೊತೆ ಬರನ ಅಂತ ಅಲ್ಲೇ ಬೆಂಚ್ ಮೇಲೆ ಕುಂತಿದ್ದೆ.

ಷಡಕ್ಷರಿ ಬೈಕ್ ಸುತ್ತ ಒಂದು ಸುತ್ತು ಬಂದು, "ಏನ್ಲಾ ಶಂಕ್ರ, ಇದನ್ನ ಕತ್ತೆ ಮಾಡಾಣ ಅಂತಿದ್ದೀಯಾ?" ಅಂದ.

"ಕತ್ತೆ ಆದ್ರೆ ಮೇಯಿಸ್ಬೇಕಲ್ಲಣ್ಣೋ. ಇದು ಸುಮ್ನೆ ನಿಂತಿರ್ತದೆ."

"ಮೇಯಿಸ್ಬೇಕಾಗಿರಾದು ನಿನ್ನ. ಮಕ ನೋಡ್ಕಂಡಿದ್ದೀಯಾ ಕನ್ನಡೀಲಿ?"

ಹಿಂದಿನ ಶಾಕಬ್ಸರ್ ಬೋಲ್ಟಿಗೆ ಮೇಲ್ಗಡೆ ಕಂಬಿ ಕೊಟ್ಟ, ಕಾಲು ಮಡಗೋ ಕಂಬಿ ಬೋಲ್ಟಿಗೆ ಕೆಳಗಡೆ ಕೊಟ್ಟ. ಬಲಗಡೆ ಸೈಲೆನ್ಸರ್ ಅದೆ, ಡಬ್ಬ ತಾಗಿದ್ರೆ ಟೊಮೇಟೊ ಅಲ್ಲೇ ಗೊಜ್ಜಾಯ್ತದೆ ಅಂತ ಆ ಕಡೆ ಫ್ರೇಮು ವಸಿ ಆಚೆಗೆ ಎಳ್ದ. ಎಡಗಡೆಗೆ ಬಂದ್ರೆ ಸೀರೆ ಗಾರ್ಡ್ ಅಡ್ಡ. ಹೆಂಗಸ್ರು ಪಕ್ಕಕ್ಕೆ ತಿರಿಕ್ಕಂಡು ಕುಂತ್ರೆ ಕಾಲಿಟ್ಕಳಕ್ಕೆ ಅಂತ ಒಂದು ಪಟ್ಟಿ ಇರ್ತದಲ್ಲ, ಅದೂ ಅಡ್ಡ. ಷಡಕ್ಷರಿ ಎರಡನ್ನೂ ಕೊಯ್ದಾಕ್ದ. ಚರ್ರ್… ಅಂತ ಕಿಡಿ. ದೊಡ್ಡ ಸ್ಟ್ಯಾಂಡೂ ಫ್ರೇಮಿಗೆ ತಗಲ್ತದೆ ಅಂತ ಬಿಚ್ಚಿ ಮೂಲೆಗೆ ಬಿಸಾಕ್ದ. ಪಕ್ಕದ ಸ್ಟ್ಯಾಂಡು ಒಂದೇ ಉಳೀತು. ಈ ಸ್ಟ್ಯಾಂಡಿನ ಮಾತು ನೆನಪಿಟ್ಕಳಿ.

ಮನೆಗೆ ತಂದ. ನಮ್ಮತ್ಗೆ ಭಾನುಪ್ರಿಯಾ ಆಗ ತುಂಬು ಬಸುರಿ. ಮೊದ್ಲನೇ ಕೂಸು ಉಳೀಲಿಲ್ಲ. ಹುಟ್ಟಿ ಒಂದು ವಾರನೂ ಇರ್ಲಿಲ್ಲ ಅದು. ಅದಕ್ಕೆ ಈ ಸಲ ಅತ್ಗೆ ಬಾಗ್ಲು ದಾಟಿದ್ರೂ ಎಲ್ರಿಗೂ ದಿಗಿಲು. ಅತ್ಗೆ ಬಾಗ್ಲಲ್ಲಿ ನಿಂತು ಡಬ್ಬ ನೋಡಿದ್ರು.

"ಅಲ್ಲಾ, ಇನ್ಮೇಲೆ ನಾ ಎಲ್ಲಿ ಕುಂತ್ಕಳಾದು?"

"ಡಬ್ಬದೊಳ್ಗೆ ಕುಂತ್ಕ. ಬಿಸ್ಲು ತಾಗ್ದಂಗೆ ಮುಚ್ಚಳ ಆಕ್ಕಂಡು ಕರ್ಕಂಡೋಯ್ತೀನಿ."

ಅತ್ಗೆ ನಕ್ರು. ದೊಡ್ಡಮ್ಮ ವೆಂಕಟಮ್ಮ ನಗ್ನಿಲ್ಲ. "ಬಸ್ರಿ ಎಂಗಸ್ಗೆ ಆಡೋ ಮಾತಾ ಅದು… ಬಾಯಿ ತೊಳ್ಕ ಓಗು" ಅಂತ ಬೈದ್ರು.

ಮಲ್ಲಪ್ಪ ತಾತ ಜಗಲಿಯಿಂದ ಎದ್ದು ಬಂತು. ಕಣ್ಣು ಪೂರಾ ಮಂಜು ತಾತಂಗೆ. ಕೈಯಲ್ಲೇ ನೋಡ್ತದೆ. ಬಲಗಡೆ ಡಬ್ಬ ಸವರ್ತು, ಸೀಟ್ ಮೇಲೆ ಕೈ ಎಳಕಂಡು ಎಡಗಡೆಗೆ ಬಂತು, ಅದನ್ನೂ ಸವರ್ತು.

"ಇದು ಕಂಟ್ಲೆ ಕಣ್ಲಾ" ಅಂತು.

ತಾತ ವಯಸ್ನಲ್ಲಿದ್ದಾಗ ಹೇರೆತ್ತು ಹೊಡೀತಿತ್ತು. ಎತ್ತಿನ ಬೆನ್ನಿಗೆ ಎರಡು ಪಕ್ಕಕ್ಕೂ ಜೋತು ಬೀಳೋ ಚೀಲ ಹಾಕಿ, ರಾಗಿ ತುಂಬ್ಕಂಡು ಘಾಟಿ ಇಳ್ಸಿ, ಉಪ್ಪು ತುಂಬ್ಕಂಡು ಹತ್ತಿಸ್ಕಂಡು ಬರೋದು. ಆ ಚೀಲಕ್ಕೆ ಕಂಟ್ಲೆ ಅಂತಾರೆ.

"ಎರಡು ಕಡೆಗೂ ಏರಿರ್ಬೇಕು" ಅಂತು ತಾತ. "ಒಂದು ಕಡೆ ತುಂಬಿ ಒಂದು ಕಡೆ ಕಾಲಿ ಬುಟ್ಕಂಡು ಕತ್ಲಲ್ಲಿ ಬರ್ಬ್ಯಾಡ."

"ಬೈಕು ಎತ್ತಲ್ಲ ತಾತ, ವಾಲಕಿಲ್ಲ."

"ವಾಲಾದಲ್ಲ ಕಣ. ದಾರೀಲಿ ಸೋತವ್ರು ಇರ್ತರೆ. ಕಾಲಿ ಕಂಟ್ಲೆ ಕಂಡ್ರೆ ಕುಂತ್ಕತರೆ. ನಮ್ಮೊಲದ ಕಲ್ಲೊಂದು ಆಕ್ಕ. ಬ್ಯಾರೆ ಕಲ್ಲು ಆಗಕಿಲ್ಲ. ನಮ್ದೇ ಆಗ್ಬೇಕು. ಇಲ್ಲಿ ಆಗ್ಲೇ ಒಬ್ರವ್ರೆ ಅಂತ ಅದು ಏಳ್ತದೆ."

ಅಣ್ಣ ನಂಬ್ತಿದ್ನೋ ಇಲ್ವೋ. ತಾತನ ಮಾತು ಮೀರ್ಲಿಲ್ಲ ಅಷ್ಟೇ. ಹೊಲದಿಂದ ಒಂದು ಚಪ್ಪಟೆ ಕಲ್ಲು ತಂದ. ಹೋಗೋವಾಗ ಎರಡು ಡಬ್ಬಾನೂ ಟೊಮೇಟೊ, ಕಲ್ಲು ಕ್ಯಾರಿಯರ್ ಮೇಲೆ. ಬರೋವಾಗ ಸಾಮಾನು ಬಲಗಡೆ, ಕಲ್ಲು ಎಡಗಡೆ. ಗುಂಡಿಗೆ ಚಕ್ರ ಇಳಿದ್ರೆ ಸಾಕು, ಕಲ್ಲು ತಗಡಿಗೆ ಬಡಿಯೋದು… ಗುಡು ಗುಡು… ಗುಡು ಗುಡು. ಕೆರೆ ಏರಿ ಹತ್ರ ಬರೋವಾಗ್ಲೇ ತಾತಂಗೆ ಕೇಳ್ಸೋದು. "ಬಂದ ಕಣವ್ವ, ಅನ್ನಕ್ಕಿಡು" ಅನ್ನೋದು.

ಇಷ್ಟೇ ಡಬ್ಬದ್ದು. ಈಗ ಬಾವಿ ಹತ್ರ ಬರ್ತೀನಿ.

ಅವತ್ತಿಗೆ ಅತ್ಗೆ ಹೆತ್ತಿದ್ರು. ಹೆಣ್ಕೂಸು, ಹುಟ್ಟಿ ನಾಕೈದು ದಿನ. ಇನ್ನೂ ಹೆಸ್ರಿಕ್ಕಿರ್ನಿಲ್ಲ. ಮೊದ್ಲನೇದು ಹೋಗಿದ್ದೂ ಇಷ್ಟೇ ದಿನದಲ್ಲಿ. ಅದಕ್ಕೆ ದೊಡ್ಡಮ್ಮ ರಾತ್ರಿ ಹೊತ್ತು ಯಾರ್ನೂ ನೇರವಾಗಿ ಒಳಕ್ಕೆ ಬುಡ್ತಿರ್ನಿಲ್ಲ. ಹೊರಗಿಂದ ಬಂದೋರು ಜಗಲಿ ಮೇಲೆ ಕುಂತು, ದಣಿವಾರಿಸ್ಕಂಡು, ಕಾಲು ತೊಳ್ಕಂಡೇ ಬರ್ಬೇಕು. ದಣಿವಿನ ಜೊತೇಲೇ ಏನಾದ್ರೂ ಅಂಟ್ಕಂಡು ಬತ್ತದಂತೆ.

ಅವತ್ತು ಮಾರ್ಕೆಟ್ಟಿಗೆ ಲಾರಿ ತಡವಾಗಿ, ಸಂಜೆ ಮೇಲೆ ಬಂತು. ಟೊಮೇಟೊ ಏರಿಸಿ ಮುಗಿಸೋ ಹೊತ್ಗೆ ಕತ್ಲೆ. ಲಾರಿಯವನು, "ಸೀಕ್ರಂ ಪೋ ತಂಬಿ, ಯಾನೈ ವರುಂ" ಅಂದನಂತೆ… ಬೇಗ ಹೋಗು, ಆನೆ ಬರ್ತವೆ ಅಂತ. ಅಣ್ಣ ಬಾಣಂತಿಗೆ ಬೆಲ್ಲ, ಕೊಬ್ರಿ, ಹರಳೆಣ್ಣೆ ಬಾಟ್ಲು ತಗಂಡು ಬಲಗಡೆ ತುಂಬ್ದ. ಎಡಗಡೆ ಕಲ್ಲು ಹಾಕಿ ಚಿಲಕ ಹಾಕ್ದ. ಸರಿಯಾಗೇ ಹಾಕಿದ್ದ.

ಬಾವಿ ಹತ್ರ ಚೈನು ಕಳಚ್ತಲ್ಲ… ಹಿಂದಿನ ದಿನ ಮಳೆ ಬಂದಿತ್ತು. ನೆಲ ಮೆತ್ಗಿತ್ತು. ಪಕ್ಕದ ಸ್ಟ್ಯಾಂಡ್ ಹಾಕಿದ್ರೆ ಪಚಕ್ ಅಂತ ಮಣ್ಣೊಳಗೆ ಇಳಿದೋಯ್ತದೆ, ಬೈಕು ಬೀಳಕ್ಕೆ ಬತ್ತದೆ. ದೊಡ್ಡ ಸ್ಟ್ಯಾಂಡ್ ಇಲ್ಲ. ಕತ್ಲಲ್ಲಿ ಕಲ್ಲು ಹುಡುಕಕ್ಕೆ ಎಲ್ಲಿಗೆ ಹೋಗೋದು. ಡಬ್ಬದಲ್ಲಿರೋ ಕಲ್ಲು ತಗ್ದು ಸ್ಟ್ಯಾಂಡ್ ಕೆಳಗೆ ಕೊಟ್ಟ.

ಟಾರ್ಚನ್ನ ಹಲ್ಲಲ್ಲಿ ಕಚ್ಕಂಡು ಚೈನು ಹಾಕ್ದ. ಕೈಯೆಲ್ಲಾ ಗ್ರೀಸು. ಬಾವಿ ಕಟ್ಟೆ ಮೇಲೆ ಕುಂತು ಮಣ್ಣಲ್ಲಿ ಕೈ ಉಜ್ಕಂಡ. ಕಣ್ಣು ಎಳೀತು. ನಿದ್ದೆ ಬಂತೋ ಇಲ್ವೋ ಅವನಿಗೇ ಗೊತ್ತಿಲ್ಲ… ತಲೆ ಮುಂದಕ್ಕೆ ಬಿದ್ದಾಗ ಎಚ್ಚರ ಆಯ್ತಂತೆ. ಎದ್ದ. ಬೈಕ್ ಹತ್ತಿ ಕಿಕ್ ಹೊಡ್ದ. ಸ್ಟ್ಯಾಂಡ್ ಎತ್ತಿ ಹೊಂಟ.

ಕಲ್ಲು ಅಲ್ಲೇ ಉಳೀತು.

ಹೊಂಟ ಗಳಿಗೇಲಿ ಹಿಂದೆ ಒಂದು ಸದ್ದು. ಕಿರ್ರ್… ಅಂತ. ನಾವು ಯಾರಾದ್ರೂ ಹಿಂದೆ ಹತ್ತಿ ಕುಂತಾಗ ಶಾಕಬ್ಸರ್ ಅಮುಕ್ಕತದಲ್ಲ, ಆ ಸದ್ದು. ಬೈಕು ಎಡಕ್ಕೆ ವಾಲ್ತು. ಅಣ್ಣ ಪಂಕ್ಚರ್ ಅನ್ಕಂಡ. ಕುಂತಂಗೇ ಹಿಂದಿನ ಟೈರಿಗೆ ಹಿಮ್ಮಡಿ ಹಾಕಿ ಒದ್ದು ನೋಡ್ದ. ಕಲ್ಲಿನಂಗೆ ಗಟ್ಟಿ. ಸರಿ ಅಂತ ಹ್ಯಾಂಡಲ್ ಬಲಕ್ಕೆ ಎಳ್ಕಂಡೇ ಓಡಿಸ್ದ. ಮನೆ ಸೇರಿದ್ರೆ ಸಾಕು ಅನ್ನೋದು ಬುಟ್ರೆ ಅವನ ತಲೇಲಿ ಇನ್ನೇನೂ ಇರ್ನಿಲ್ಲ. ಬಲಗಡೆ ಎಣ್ಣೆ ಬಾಟ್ಲು ಕಿಣಿ ಕಿಣಿ ಅಂತಿತ್ತು. ಎಡಗಡೆ… ಏನಿಲ್ಲ.

ನಾನು ಅತ್ಗೆ ಪಕ್ಕದಲ್ಲಿ ಮಲಗಿದ್ದೆ. ಬೈಕು ಬಂದು ಮನೆ ಮುಂದೆ ನಿಂತಿದ್ದು ಕೇಳ್ತು. ಆಗ ಕೂಸು ಅಳಕ್ಕೆ ಶುರು ಮಾಡ್ತು. ಹಸಿವಿನ ಅಳು ಅಲ್ಲ ಅದು. ಉಸ್ರು ಹಿಡಿದು… ಹಿಡಿದು… ಆಮೇಲೆ ಬುಡೋದು. ಮಕ ನೀಲಿ ಆಗ್ಬುಟ್ಟಿತ್ತು. ಅತ್ಗೆ ಎದೆಗಾಕ್ಕಂಡ್ರೆ ಬಾಯಿ ಹಚ್ಚಕಿಲ್ಲ.

"ಪೂಜ, ಅವ್ರು ಬಂದ್ರು. ಬಾಗ್ಲು ತಗಿಯವ್ವ."

ನಾನೆದ್ದು ಅಗಣಿಗೆ ಕೈ ಹಾಕ್ದೆ. ಹೊರಗಿಂದ ತಾತನ ದನಿ. ಮೆತ್ಗೆ.

"ತಗೀಬ್ಯಾಡ ಕಣವ್ವ."

ನಾನು ಕೈ ತಗೀಲಿಲ್ಲ, ಅಗಣೀನೂ ತಗೀಲಿಲ್ಲ. ಹಂಗೇ ನಿಂತೆ. ಬಾಗ್ಲು ಆಚೆ ಇಬ್ರೂ ಮಾತಾಡಿದ್ದು ಎಲ್ಲಾ ಕೇಳ್ತು ನಂಗೆ.

"ಇಳೀಬ್ಯಾಡ" ಅಂತು ತಾತ.

"ಯಾಕ್ ತಾತ?"

"ಮೆತ್ಗೆ. ಎಡಗಡೇಲಿ ಏನದೆ?"

"ಕಲ್ಲು."

"ಕಲ್ಲು ಸದ್ದು ಮಾಡ್ನಿಲ್ವಲ್ಲ."

ಅಣ್ಣ, "ಬಾವಿ ತಾವ ಸ್ಟ್ಯಾಂಡಿಗೆ ಕೊಟ್ಟಿದ್ದೆ ತಾತ. ಅಲ್ಲೇ ಬುಟ್ಬಂದೆ" ಅಂದ.

"ಕಾಲಿ ಡಬ್ಬ ಆದ್ರೂ ಡಬಡಬ ಅನ್ಬೇಕು. ಅದೂ ಅನ್ನಿಲ್ಲ. ಯಾರೋ ಕುಂತವ್ರೆ. ನೀ ಇಳುದ್ರೆ ಅವ್ರೂ ಇಳೀತರೆ. ಬಾಣಂತಿ ಅಟ್ಟಿ ಇದು. ತಿರ್ಗಿಸ್ಕ."

"ಆಗಕಿಲ್ಲ ತಾತ… ಕಣ್ಣೇ ಬುಡಕ್ಕಾಯ್ತಿಲ್ಲ. ಬೆಳಗ್ಗೆ ಓಗಿ ತತ್ತೀನಿ."

ತಾತ ಬೈಲಿಲ್ಲ. "ಒಳಗಡೆ ಕೇಳ್ತಾ ಅದಾ?" ಅಂತು ಅಷ್ಟೇ.

ಕೂಸು ಅಳ್ತಾನೇ ಇತ್ತು.

ಬೈಕು ತಿರುಗ್ತು. ಸದ್ದು ದೂರ ಹೋಯ್ತಾ ಹೋಯ್ತಾ ಕೂಸಿನ ಅಳು ಇಳೀತಾ ಬಂತು. ಕೆರೆ ಏರಿ ದಾಟ್ತು ಅಂತ ಕಾಣ್ತದೆ, ಬೈಕಿನ ಸದ್ದು ಪೂರಾ ನಿಂತೋಯ್ತು. ಆಗ ಕೂಸು ಬಾಯಿ ಹಚ್ತು. ಚಪ್ ಚಪ್ ಅಂತ ಹಾಲು ಕುಡಿಯೋ ಸದ್ದು. ಅತ್ಗೆ ಅಳ್ತಾ ಇದ್ರು, ಸದ್ದಿಲ್ದಂಗೆ.

ಮುಂದಿನದು ಅಣ್ಣ ಹೇಳಿದ್ದು. ಒಂದೇ ಒಂದು ಸಲ ಹೇಳಿದ್ದು.

ಬಾವಿ ಹತ್ರ ಹೋದ. ಹೆಡ್‌ಲೈಟ್ ಬೆಳಕಲ್ಲಿ ಕಲ್ಲು ಕಾಣ್ತು, ಮಣ್ಣಲ್ಲಿ ಹೂತಂಗೆ. ಬೈಕನ್ನ ಮರಕ್ಕೆ ಒರಗ್ಸಿ, ಹಿಂದಕ್ಕೆ ನೋಡ್ದೇ ಹೋಗಿ ಕಲ್ಲೆತ್ಕಂಡ. ಕಲ್ಲು ಎದೆಗೆ ಅವುಚ್ಕಂಡು ಡಬ್ಬದ ಹತ್ರ ಬಂದು ನಿಂತ. ಮುಚ್ಚಳ ಮುಚ್ಚಿತ್ತು. ಚಿಲಕ ಹಾಕಿರ್ನಿಲ್ಲ… ಕಲ್ಲು ತಗ್ದಾಗ ಮತ್ತೆ ಹಾಕಕ್ಕೆ ಮರ್ತಿದ್ದ.

"ಬಾವಿ ಬಂತು… ಇಳೀರಿ" ಅಂದ.

ಏನಿಲ್ಲ. ಕಪ್ಪೇನೂ ಇಲ್ಲ.

"ನನ್ನ ಅಟ್ಟೀಲಿ ಅಸಿ ಕೂಸದೆ. ಅಲ್ಲಿಗೆ ಕರ್ಕಂಡೋಗಕ್ಕಾಗಕಿಲ್ಲ. ಇಳೀರಿ."

ವಸಿ ಹೊತ್ತು ಬುಟ್ಟು ಮುಚ್ಚಳದ ಕೆಳಗಿಂದ ಬಂತಂತೆ. ಹೆಂಗಸಿನ ದನಿ. ಹೆದರ್ಸೋ ದನಿ ಅಲ್ಲ. ಕಳೆ ಕಿತ್ತು ಸಂಜೆ ಬಂದು ಗೋಡೆಗೆ ಒರಗ್ತಾರಲ್ಲ, ಅಂಥಾ ದನಿ.

"ಕಾಲು ಬತ್ತಿಲ್ಲ ಕಣಪ್ಪ… ವಸಿ ಕುಂತಿರ್ತೀನಿ."

ಅಣ್ಣ ಕಲ್ಲು ಹಿಡ್ಕಂಡು ನಿಂತ. ಮುಚ್ಚಳ ತಗ್ದು ಒಳಗೆ ಹಾಕ್ಬುಟ್ರೆ ಆಗ್ತಿತ್ತೋ ಏನೋ. "ಕುಂತವ್ರ ಮೇಲೆ ಕಲ್ಲಾಕಕ್ಕೆ ಕೈ ಬರ್ನಿಲ್ಲ" ಅಂದ ನಮಗೆ. "ನಂಗೂ ಕಾಲು ಬತ್ತಿರ್ನಿಲ್ಲ" ಅಂದ.

ಕಲ್ಲು ಕೆಳಗಿಟ್ಟ. ಸೀಟಿನ ಕೆಳಗಿಂದ ಸ್ಪ್ಯಾನರ್ ತಗ್ದ. ಷಡಕ್ಷರಿ ಬಿಗಿಯಾಗಿ ಹಾಕಿದ್ದ ನಟ್ಟುಗಳು, ಮಣ್ಣು ಕೂತು ಇನ್ನೂ ಬಿಗಿ. ಒಂದೊಂದೇ ಬಿಚ್ಚಿದ, ರಾತ್ರಿ ಪೂರಾ ಹಿಡೀತು. ಕೀಚ್… ಕೀಚ್… ಅಂತ. ಬಿಚ್ಚೋವಾಗ ಒಳಗೆ ಯಾರೋ ಉಸ್ರು ಬುಡ್ತಾ ಇದ್ರಂತೆ. ಮಲಗಿರೋರ ಉಸ್ರಿನಂಗೆ, ನಿಧಾನಕ್ಕೆ. ಕೊನೇ ನಟ್ಟು ಬಂದಾಗ ಡಬ್ಬ ಇವನ ತೊಡೆ ಮೇಲೆ ಕೂತ್ಕಂತು. ತಗಡಿನ ಡಬ್ಬ ಅದು, ನಾನೂ ಒಂದು ಕೈಲಿ ಎತ್ತೀನಿ. ಅವತ್ತು ಅವನಿಗೆ ಎರಡು ಕೈಲೂ ಆಗ್ನಿಲ್ಲ. ಅತ್ಗೆ ಬಸುರಿ ಇದ್ದಾಗ ಮಂಚದಿಂದ ಎಬ್ಬಿಸ್ತಿದ್ನಲ್ಲ, ಅಂಥಾ ಭಾರ ಅಂದ. ಅಂಗೇ ಮೆತ್ಗೆ ತಬ್ಬಿ ಹಿಡಿದು, ಬಾವಿ ಕಟ್ಟೆಗೆ ಒರಗ್ಸಿ ಇಳಿಸ್ದ. ಕುಕ್ಕಲಿಲ್ಲ.

ಖಾಲಿ ಫ್ರೇಮಿಗೆ ಕಲ್ಲನ್ನ ಹಗ್ಗದಲ್ಲಿ ಕಟ್ದ. ಬೈಕ್ ಹತ್ದ. ಶಾಕಬ್ಸರ್ ಸದ್ದು ಮಾಡ್ಲಿಲ್ಲ. ಹ್ಯಾಂಡಲ್ ನೆಟ್ಗಿತ್ತು.

ಮನೆಗೆ ಬಂದಾಗ ಮೂಡ್ಲು ಕೆಂಪಾಗ್ತಿತ್ತು. ದೂರದಿಂದ್ಲೇ ಕಲ್ಲು ಫ್ರೇಮಿಗೆ ಬಡಿಯೋ ಸದ್ದು… ಟಕ್ ಟಕ್… ಟಕ್ ಟಕ್. ತಾತ ಎದ್ದು ಕುಂತು, "ಬಂದ ಕಣವ್ವ" ಅಂತು. ದೊಡ್ಡಮ್ಮ ಕಾಲಿಗೆ ನೀರು ತರೋದ್ರೊಳಗೆ ಅಣ್ಣ ಜಗಲಿ ಮೇಲೆ ಕುಂತಂಗೇ ನಿದ್ದೆ ಹೋಗ್ಬುಟ್ಟಿದ್ದ. ಯಾರೂ ಎಬ್ಬಿಸ್ಲಿಲ್ಲ. ಬಿಸ್ಲು ಮಕಕ್ಕೆ ಬಂದ ಮೇಲೆ ಅವನೇ ಎದ್ದ.

"ಯಾರು ಅಂತ ಕೇಳಿದ್ಯಾ?" ಅಂತು ತಾತ.

"ಇಲ್ಲ."

"ಸರಿ ಬುಡು."

ಅಷ್ಟೇ ಮಾತು. ಆಮೇಲೆ ಅಣ್ಣ ಷಡಕ್ಷರಿ ಹತ್ರ ಹೋಗಿ ಬಲಗಡೆ ಡಬ್ಬಾನೂ ಬಿಚ್ಚಿಸ್ದ. ಕಂಬಿ ಜಾಲರಿ ಹಾಕಿಸ್ಕಂಡ, ಎರಡು ಕಡೆಗೂ. ಒಳಗೇನದೆ ಅಂತ ಆಚೆಯಿಂದ್ಲೇ ಕಾಣ್ತದೆ. ಎಡಗಡೆ ಹೆಂಗಸ್ರು ಕಾಲಿಡೋ ಪಟ್ಟೀನೂ ವಾಪಸ್ ಹಾಕು ಅಂದ. ಷಡಕ್ಷರಿ, "ಕೊಯ್ಸೋದೂ ನೀನೇ, ಅಂಟ್ಸೋದೂ ನೀನೇ, ನಿಂಗೆ ಬ್ಯಾರೆ ಕ್ಯಾಮೆ ಇಲ್ವೇನ್ಲಾ" ಅಂತ ಬೈಕಂಡೇ ಹಾಕ್ಕೊಟ್ಟನಂತೆ. ಅತ್ಗೆ ಈಗ ಅದ್ರ ಮೇಲೇ ಕಾಲಿಟ್ಕಂಡು ಕೂರ್ತಾರೆ. ಕೂಸಿಗೆ ಮೂರು ತುಂಬ್ತು. ನೋಡಿದ್ದೀರಲ್ಲ, ಎಂಗೆ ಓಡಾಡ್ತದೆ ಅಂತ.

ಬಾವಿ ಹತ್ರ ಬುಟ್ಟಿದ್ದ ಡಬ್ಬಾನ ನಮ್ಮಪ್ಪ ಒಂದು ಮಧ್ಯಾಹ್ನ ತಂದ್ಬುಟ್ರು. ಅಣ್ಣ ಬ್ಯಾಡ ಅಂದ. ಅಪ್ಪ ಕೇಳ್ಲಿಲ್ಲ. "ಗಟ್ಟಿ ತಗಡು, ಅಲ್ಲಿ ಯಾಕೆ ತುಕ್ಕಿಡೀಬೇಕು" ಅಂದ್ರು. ತಲೆ ಮೇಲೆ ಹೊತ್ಕಂಡು ಬಂದ್ರು. ಹಗೂರಕ್ಕೇ ಇತ್ತಂತೆ.

ಈಗ ಎರಡು ಡಬ್ಬಾನೂ ನಮ್ಮ ಹಿತ್ಲಲ್ಲಿ, ಕೋಳಿ ಗೂಡಿನ ಹೊರಗಡೆ ಗೋಡೆಗೆ ಹೊಡ್ದವ್ರೆ. ಮೊಟ್ಟೆ ಇಕ್ಕಕ್ಕೆ ಅಂತ ಅವ್ವ ಎರಡಕ್ಕೂ ಹುಲ್ಲು ಹಾಸ್ತರೆ. ಒಂದೇ ಹುಲ್ಲು, ಒಂದೇ ನೆರಳು. ಕೋಳಿಗಳೆಲ್ಲಾ ಬಲಗಡೆ ಡಬ್ಬಕ್ಕೇ ಕಿತ್ತಾಡ್ತವೆ. ಒಂದ್ರ ಮೇಲೊಂದು ಹತ್ತಿ ಕೂರ್ತವೆಯೇ ಹೊರ್ತು, ಎಡಗಡೆದಕ್ಕೆ ಒಂದೂ ಹೋಗಕಿಲ್ಲ. ಹಿಡಿದು ಕೂರ್ಸಿದ್ರೂ ಇಳಿದೋಯ್ತವೆ.

ಅಣ್ಣನ ಕೂಸು ಮೊಟ್ಟೆ ತಗಳಕ್ಕೆ ಬತ್ತದೆ. ಅದೂ ಎಡಗಡೆಗೆ ಕೈ ಹಾಕಕಿಲ್ಲ. ಅದಕ್ಕೆ ಯಾರೂ ಏನೂ ಹೇಳಿಲ್ಲ.

ಆದ್ರೆ ಬೆಳಗ್ಗೆ ನೋಡಿದ್ರೆ ಎಡಗಡೆ ಡಬ್ಬದಲ್ಲಿ ಹುಲ್ಲು ಒತ್ಕಂಡಿರ್ತದೆ. ಅವ್ವ ಬೆಕ್ಕು ಅಂತರೆ. ನಾನು ಹುಲ್ಲು ಬಿಡ್ಸಿ ನೋಡಿವ್ನಿ. ಒಂದು ಕೂದ್ಲೂ ಇರ್ನಿಲ್ಲ. ಮೊನ್ನೆ ಚಳೀಲಿ ಎದ್ದು, ಕೋಳೀನ ಇನ್ನೂ ಗೂಡಿಂದ ಆಚೆ ಬುಟ್ಟಿರ್ನಿಲ್ಲ… ಆ ಹುಲ್ಲಿನ ಮೇಲೆ ಕೈ ಮಡಗಿದೆ.

ಬೆಚ್ಗಿತ್ತು.

ಬೇಕಾದ್ರೆ ಬೆಳಗ್ಗೆ ಬನ್ನಿ… ನೀವೇ ಕೈ ಮಡಗಿ ನೋಡಿ.